ಬ್ಯಾಟರಿಯಿಲ್ಲದ ಅಳತೆಗೋಲು: ಮೂಳೆ ಮತ್ತು ಇಂಪ್ಲಾಂಟ್‌ಗಳ ಸ್ಟ್ರೈನ್ ಅಳೆಯುವ ನಿಷ್ಕ್ರಿಯ ಸಂವೇದಕಗಳು

ಮಾನ್ಯ ಅಧ್ಯಕ್ಷರೇ, ವೈದ್ಯಮಿತ್ರರೇ, ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಮೊಣಕಾಲ ಕೆಳಗಿನ ಮೂಳೆ ಮುರಿದು, ಅದಕ್ಕೆ ಪ್ಲೇಟು ಹಾಕಿಸಿಕೊಂಡು ಎರಡು ತಿಂಗಳು ಕಳೆದವರು ವೈದ್ಯರೆದುರು ಕುಳಿತು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಡಾಕ್ಟ್ರೇ, ಇನ್ನು ಕಾಲೂರಬಹುದಾ?" ವೈದ್ಯರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಮುರಿದ ಜಾಗವನ್ನು ಒತ್ತಿ ನೋವಿದೆಯೇ ಎಂದು ಕೇಳುತ್ತಾರೆ, ತಮ್ಮ ಅನುಭವವನ್ನು ನೆಚ್ಚಿ ಒಂದು ಉತ್ತರ ಕೊಡುತ್ತಾರೆ. ಆ ಉತ್ತರ ಬಹಳಷ್ಟು ಸಲ ಸರಿಯಾಗಿಯೇ ಇರುತ್ತದೆ. ಆದರೆ ಎಕ್ಸ್-ರೇ ತೋರಿಸುವುದು ಸುಣ್ಣದಂಶ ಕೂಡಿಕೊಂಡ ಭಾಗವನ್ನು ಮಾತ್ರ. ಮುರಿತದ ಸುತ್ತ ಬೆಳೆಯುವ ಹೊಸ ಅಂಗಾಂಶ, ಅಂದರೆ ಕ್ಯಾಲಸ್, ಬಿಗಿಯಾಗತೊಡಗಿದ ಎಷ್ಟೋ ದಿನಗಳ ಮೇಲೆ ಅದು ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ. ಮೂಳೆ ಎಷ್ಟು ಭಾರ ಹೊರುತ್ತಿದೆ, ಪ್ಲೇಟು ಎಷ್ಟು ಬಾಗುತ್ತಿದೆ ಎಂಬುದನ್ನು ಚಿತ್ರ ಹೇಳುವುದೇ ಇಲ್ಲ. ಅದನ್ನು ಹೇಳಬಲ್ಲದ್ದು ಪ್ಲೇಟಿನ ಮೇಲೆಯೇ ಕುಳಿತ ಒಂದು ಅಳತೆಯ ಸಾಧನ. ಆ ಸಾಧನಕ್ಕೆ ಬ್ಯಾಟರಿ ಇಲ್ಲದೆ, ಸಾಧ್ಯವಾದರೆ ಎಲೆಕ್ಟ್ರಾನಿಕ್ ಚಿಪ್ಪೂ ಇಲ್ಲದೆ ಕೆಲಸ ಮಾಡಿಸುವುದು ಹೇಗೆ ಎಂಬುದೇ ಇಂದಿನ ವಿಷಯ. ದೇಹದ ಒಳಗಿನಿಂದ ತೆಗೆದುಹಾಕಿದ ಪ್ರತಿಯೊಂದು ಜಟಿಲತೆಯೂ ದೇಹದ ಹೊರಗೆ ಬಂದು ಕೂರುತ್ತದೆ, ಅಲ್ಲಿ ಅದನ್ನು ಯಾರಾದರೂ ಹೊರಲೇಬೇಕು ಎಂಬುದು ಈ ವಿಷಯದಲ್ಲಿ ನನ್ನ ಅಭಿಪ್ರಾಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತುಗಳನ್ನು ನೀವು ಆ ಹಿನ್ನೆಲೆಯಲ್ಲೇ ಪರೀಕ್ಷಿಸಬಹುದು.

ಮೊದಲು ಪದದ ವಿಚಾರ. ಸ್ಟ್ರೈನ್ ಎಂಬುದಕ್ಕೆ ಕನ್ನಡದಲ್ಲಿ ವಿಕೃತಿ ಎನ್ನುವುದುಂಟು. ಆದರೆ ಆ ಪದಕ್ಕೆ ದಿನಬಳಕೆಯಲ್ಲಿ ಬೇರೆಯೇ ಅರ್ಥ ಅಂಟಿಕೊಂಡಿರುವುದರಿಂದ, ರೋಗಿಯೊಬ್ಬರಿಗೆ "ನಿಮ್ಮ ಮೂಳೆಯಲ್ಲಿ ವಿಕೃತಿ ಇದೆ" ಎಂದು ಹೇಳುವ ಧೈರ್ಯ ನನಗಿಲ್ಲ. ಸ್ಟ್ರೈನ್ ಎಂದೇ ಕರೆಯುತ್ತೇನೆ. ಒಂದು ವಸ್ತುವಿನ ಮೇಲೆ ಬಲ ಬಿದ್ದಾಗ ಅದರ ಉದ್ದದಲ್ಲಿ ಆಗುವ ವ್ಯತ್ಯಾಸವನ್ನು ಮೂಲ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸ್ಟ್ರೈನ್. ಈ ಸಂಖ್ಯೆ ತೀರಾ ಚಿಕ್ಕದಾದ್ದರಿಂದ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಒಂದು ಮೈಕ್ರೊಸ್ಟ್ರೈನ್ ಎಂದು ಎಣಿಸುತ್ತಾರೆ. ಒಂದು ಮೀಟರ್ ಉದ್ದದ ಕಂಬಿ ಒಂದು ಮಿಲಿಮೀಟರ್ ಕುಗ್ಗಿದರೆ ಅದು 1000 ಮೈಕ್ರೊಸ್ಟ್ರೈನ್.

ಜೀವಂತ ಮೂಳೆ ಈ ಅಳತೆಯಲ್ಲಿ ಅಚ್ಚರಿಯ ಶಿಸ್ತನ್ನು ತೋರಿಸುತ್ತದೆ. ಬೇರೆಬೇರೆ ಗಾತ್ರದ ಪ್ರಾಣಿಗಳ ಮೂಳೆಗಳ ಮೇಲೆ ಅಳತೆ ಮಾಡಿದ ರೂಬಿನ್ ಮತ್ತು ಲ್ಯಾನ್ಯನ್, ಬಿರುಸಿನ ಓಟ ಅಥವಾ ಹಾರಾಟದ ವೇಳೆಯ ಗರಿಷ್ಠ ಸ್ಟ್ರೈನ್ ಬಹುಪಾಲು 2000ದಿಂದ 3000 ಮೈಕ್ರೊಸ್ಟ್ರೈನ್‌ಗಳ ನಡುವೆಯೇ ಬೀಳುತ್ತದೆ ಎಂದು 1984ರಲ್ಲಿ ತೋರಿಸಿದರು. ದೇಹ ದೊಡ್ಡದಾದರೆ ಮೂಳೆ ದಪ್ಪವಾಗುತ್ತದೆ, ನಿಲುವು ಬದಲಾಗುತ್ತದೆ, ಆದರೆ ಮೂಳೆ ಅನುಭವಿಸುವ ಎಳೆತ-ಒತ್ತಡಗಳ ಮಿತಿ ಹೆಚ್ಚು ಕದಲುವುದಿಲ್ಲ. ಮನುಷ್ಯರ ಟಿಬಿಯಾ, ಅಂದರೆ ಮೊಣಕಾಲ ಕೆಳಗಿನ ದಪ್ಪ ಮೂಳೆಯ ಮೇಲೆ ನೇರವಾಗಿ ಸ್ಟ್ರೈನ್ ಗೇಜ್ ಎಂಬ ಅಳತೆಪಟ್ಟಿ ಅಂಟಿಸಿ ಅಳೆದ ಮೊದಲ ಪ್ರಯೋಗ ಪ್ರಕಟವಾದದ್ದು 1975ರಲ್ಲಿ. 1996ರಲ್ಲಿ ಬರ್ ಮತ್ತು ಸಂಗಡಿಗರು ಏರುಪೇರಿನ ಹಾದಿಯಲ್ಲಿ ಅಂಕುಡೊಂಕಾಗಿ ಓಡಿಸಿ ನೋಡಿದಾಗಲೂ ಅಂಕಿ ಹೆಚ್ಚುಕಡಿಮೆ 2000ದ ಒಳಗೇ ಉಳಿಯಿತು. ಗಟ್ಟಿ ಮೂಳೆ ಶಾಶ್ವತವಾಗಿ ಹಾನಿಗೊಳ್ಳತೊಡಗುವುದು ಸುಮಾರು 7000ದ ಆಸುಪಾಸಿನಲ್ಲಿ. ಹೊರೆಗೆ ತಕ್ಕಂತೆ ಮೂಳೆ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ ಎಂದು ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಆ ಹೊಂದಾಣಿಕೆಗೆ ಸ್ಟ್ರೈನ್ ಸೂಚಕವಾಗಿರಬೇಕೆಂಬ ವಾದವನ್ನು ಹೆರಾಲ್ಡ್ ಫ್ರಾಸ್ಟ್ 1987ರಲ್ಲಿ ಖಚಿತ ರೂಪದಲ್ಲಿ ಮಂಡಿಸಿದರು.

ಮುರಿದ ಮೂಳೆಯ ವಿಷಯಕ್ಕೆ ಬಂದಾಗ ಯಾವ ಸ್ಟ್ರೈನ್ ಎಂದು ಬಿಡಿಸಿ ಕೇಳಬೇಕಾಗುತ್ತದೆ, ಏಕೆಂದರೆ ಅಲ್ಲಿ ಮೂರು ಬಗೆಯ ಸ್ಟ್ರೈನ್‌ಗಳಿವೆ. ಮುರಿಯದೆ ಉಳಿದ ಮೂಳೆಯಲ್ಲಿ ಒಂದು, ಪ್ಲೇಟಿನಲ್ಲಿ ಇನ್ನೊಂದು, ಮುರಿತದ ಬಿರುಕಿನೊಳಗಿನ ಎಳೆಯ ಅಂಗಾಂಶದಲ್ಲಿ ಮೂರನೆಯದು. ಒಂದು ಮಿಲಿಮೀಟರ್ ಅಗಲದ ಬಿರುಕು ನಡಿಗೆಯಲ್ಲಿ 0.1 ಮಿಲಿಮೀಟರ್ ತೆರೆದುಕೊಂಡರೆ ಅಲ್ಲಿನ ಸ್ಟ್ರೈನ್ ಶೇಕಡ 10, ಅಂದರೆ ಒಂದು ಲಕ್ಷ ಮೈಕ್ರೊಸ್ಟ್ರೈನ್. ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಮಂಡಿಸಿದ ಸಿದ್ಧಾಂತದ ಪ್ರಕಾರ ಬಿರುಕಿನಲ್ಲಿ ಮೂಳೆಯ ಅಂಗಾಂಶವೇ ಹುಟ್ಟಬೇಕಾದರೆ ಈ ಸಂಖ್ಯೆ ಶೇಕಡ 2ಕ್ಕಿಂತ ಕೆಳಗಿರಬೇಕು. 2ರಿಂದ 10ರ ನಡುವೆ ಇದ್ದರೆ ಕ್ಯಾಲಸ್ಸಿನ ಮೂಲಕ ಕೂಡಿಕೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಕೂಡಿಕೆ ಕಷ್ಟ. ಬಿರುಕಿನೊಳಗೆ ಸಂವೇದಕ ಇಡುವಂತಿಲ್ಲ, ಅದು ಕೂಡಿಕೆಗೇ ಅಡ್ಡಿ. ಹಾಗಾಗಿ ಪ್ಲೇಟಿನ ಮೇಲೆ ಇಟ್ಟು, ಬಿರುಕಿನ ಸ್ಥಿತಿಯನ್ನು ಅಲ್ಲಿಂದ ಊಹಿಸುತ್ತೇವೆ.

ಆ ಊಹೆಗೆ ಆಧಾರವೇನು ಎಂಬುದನ್ನು ಒಂದು ಸರಳ ಲೆಕ್ಕದಿಂದ ತೋರಿಸುತ್ತೇನೆ. ನನ್ನ ಕೈಯಲ್ಲಿರುವ ಈ ಉಕ್ಕಿನ ಪ್ಲೇಟಿನ ಅಗಲ 12.5 ಮಿಲಿಮೀಟರ್, ದಪ್ಪ 4 ಮಿಲಿಮೀಟರ್. ಇದನ್ನು ಮೂಳೆಯ ಒಂದು ಬದಿಗೆ ಬಿಗಿದಿದ್ದಾರೆ, ಮೂಳೆಯ ನಡುಗೆರೆಯಿಂದ ಪ್ಲೇಟಿನ ನಡುಗೆರೆ 15 ಮಿಲಿಮೀಟರ್ ದೂರದಲ್ಲಿದೆ, ಬಿರುಕು ಇನ್ನೂ ಖಾಲಿಯಿದೆ ಎಂದಿಟ್ಟುಕೊಳ್ಳಿ. ನಡುಗೆರೆಯ ಮೇಲೆ 700 ನ್ಯೂಟನ್ ಬಲ, ಅಂದರೆ ಸುಮಾರು 70 ಕೆಜಿ ತೂಕ ಬಿದ್ದರೆ, ನೇರ ಒತ್ತಡದಿಂದ ಪ್ಲೇಟಿನಲ್ಲಿ ಉಂಟಾಗುವ ಸ್ಟ್ರೈನ್ ಕೇವಲ 70 ಮೈಕ್ರೊಸ್ಟ್ರೈನ್. ಆದರೆ ಬಲ ಪಕ್ಕದಲ್ಲಿ ಬೀಳುವುದರಿಂದ ಪ್ಲೇಟು ಬಾಗುತ್ತದೆ. ಆ ಬಾಗುವಿಕೆಯಿಂದ ಅದರ ಮೇಲ್ಮೈಯಲ್ಲಿ ಸುಮಾರು 315 ಮೆಗಾಪ್ಯಾಸ್ಕಲ್ ಪೀಡನ, ಅಂದರೆ ಸುಮಾರು 1575 ಮೈಕ್ರೊಸ್ಟ್ರೈನ್ ಹುಟ್ಟುತ್ತದೆ. ಇದೇ ಅಳತೆಯ ಪ್ಲೇಟು ಟೈಟಾನಿಯಮ್ ಮಿಶ್ರಲೋಹದ್ದಾಗಿದ್ದರೆ, ಲೋಹದ ಬಿಗಿತವನ್ನು ಹೇಳುವ ಅದರ ಯಂಗ್ ಗುಣಾಂಕ ಉಕ್ಕಿನ 200 ಗಿಗಾಪ್ಯಾಸ್ಕಲ್ ಬದಲು ಸುಮಾರು 110 ಆದ್ದರಿಂದ, ಸ್ಟ್ರೈನ್ 2800ಕ್ಕೂ ಮೇಲೆ ಹೋಗುತ್ತದೆ. ಇನ್ನು ಕ್ಯಾಲಸ್ ಗಟ್ಟಿಯಾಗುತ್ತಾ ಬಂದಂತೆ ಎದುರು ಬದಿಯಲ್ಲೂ ಒಂದು ಆಸರೆ ಸಿಕ್ಕಿ, ಬಾಗುವಿಕೆ ಕಡಿಮೆಯಾಗುತ್ತಾ ಹೋಗುತ್ತದೆ. ಅದೇ ಭಾರಕ್ಕೆ ಪ್ಲೇಟಿನ ಸ್ಟ್ರೈನ್ ವಾರದಿಂದ ವಾರಕ್ಕೆ ಇಳಿಯುತ್ತಿದೆಯೆಂದರೆ ಮೂಳೆ ಕೂಡುತ್ತಿದೆ. ಇಳಿಯದೆ ನಿಂತಿದೆಯೆಂದರೆ ಏನೋ ಎಡವಟ್ಟಾಗಿದೆ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ದಿನಕ್ಕೆ 5000 ಹೆಜ್ಜೆ ನಡೆಯುವವರ ಒಂದು ಕಾಲಿಗೆ ವರ್ಷಕ್ಕೆ ಒಂಬತ್ತು ಲಕ್ಷಕ್ಕೂ ಹೆಚ್ಚು ಹೆಜ್ಜೆಗಳ ಪೆಟ್ಟು ಬೀಳುತ್ತದೆ. ಪ್ರತಿ ಹೆಜ್ಜೆಗೂ ಹೀಗೆ ಬಾಗಿದರೆ ಲೋಹ ದಣಿದು ಪ್ಲೇಟು ಮುರಿಯುತ್ತದೆ. ಪ್ಲೇಟು ಮೂಳೆಯ ಬದಲಿಯಲ್ಲ, ಮೂಳೆ ಕೂಡುವವರೆಗೆ ಕಾಲ ತಳ್ಳುವ ಆಸರೆ ಎಂದು ಮೂಳೆವೈದ್ಯರು ಹೇಳುವುದು ಇದಕ್ಕೇ. ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ, ಒಂಬತ್ತು ತಿಂಗಳು ಕಳೆದು, ಅದರಲ್ಲೂ ಕೊನೆಯ ಮೂರು ತಿಂಗಳು ಯಾವ ಪ್ರಗತಿಯೂ ಕಾಣದಿದ್ದರೆ ಮೂಳೆ ಕೂಡಿಲ್ಲವೆಂದು ಪರಿಗಣಿಸುತ್ತದೆ. ಒಂಬತ್ತು ತಿಂಗಳು ಕಾಯುವುದೆಂದರೆ ರೋಗಿಗೆ ಅದು ಬದುಕಿನ ಒಂದು ದೊಡ್ಡ ತುಂಡು. ಇಳಿಯದೆ ನಿಂತ ಆ ಗೆರೆ ಎರಡನೆಯ ತಿಂಗಳಿನಲ್ಲೇ ಕಣ್ಣಿಗೆ ಬಿದ್ದರೆ ಎಷ್ಟು ಅನುಕೂಲ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ದೇಹದೊಳಗೆ ಅಳೆಯುವ ಪ್ರಯತ್ನ ಹೊಸದೇನಲ್ಲ. ತಂತಿಯ ವಿದ್ಯುತ್ ರೋಧದಲ್ಲಾಗುವ ಬದಲಾವಣೆಯಿಂದ ಸ್ಟ್ರೈನ್ ಅಳೆಯುವ ಗೇಜನ್ನು 1938ರಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್ ಎಂಬ ಇಬ್ಬರು, ಪರಸ್ಪರ ತಿಳಿಯದೆ, ಅಮೆರಿಕದಲ್ಲಿ ಕಂಡುಹಿಡಿದರು. ಸ್ವೀಡನ್ನಿನ ನಿಲ್ಸ್ ರಿಡೆಲ್ ಇಂಥ ಗೇಜುಗಳನ್ನು ಸೊಂಟದ ಕೃತಕ ಕೀಲಿನೊಳಗೆ ಹುದುಗಿಸಿ ಇಬ್ಬರು ರೋಗಿಗಳಿಗೆ ಅಳವಡಿಸಿದರು. ತಂತಿಗಳ ತುದಿಯನ್ನು ಚರ್ಮದಡಿಯಲ್ಲಿ ಬಿಟ್ಟು, ಆರು ತಿಂಗಳ ಮೇಲೆ ಹೊರತೆಗೆದು ಅಳತೆ ಮಾಡಿದ ಆ ಕೆಲಸ 1966ರಲ್ಲಿ ಪ್ರಕಟವಾಯಿತು. 1971ರಲ್ಲಿ ನಾಕೆಮ್ಸನ್ ಮತ್ತು ಎಲ್ಫ್‌ಸ್ಟ್ರೋಮ್ ಬೆನ್ನುಮೂಳೆಯ ವಕ್ರತೆ ಸರಿಪಡಿಸುವ ಹ್ಯಾರಿಂಗ್ಟನ್ ರಾಡಿನ ಮೇಲಿನ ಬಲವನ್ನು ತಂತಿಯಿಲ್ಲದೆ ಓದಿದರು. ಬರ್ಲಿನ್ನಿನಲ್ಲಿ ಗೇಯಾರ್ಗ್ ಬೆರ್ಗ್‌ಮನ್ ಮತ್ತು ಸಂಗಡಿಗರು ದಶಕಗಳ ಕಾಲ ನಡೆಸಿದ ಅಳತೆಗಳು ಈ ಕ್ಷೇತ್ರದ ಹೆಗ್ಗುರುತು: ನಡೆಯುವಾಗ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟಿನಷ್ಟು ಬಲ ಬೀಳುವುದು, ಎಡವಿದಾಗ ಅದು ಎಂಟು ಪಟ್ಟನ್ನೂ ಮೀರಿದ್ದು ನಮಗೆ ತಿಳಿದದ್ದು ಅವರಿಂದ. ಒಂದು ಗಂಟೆ ನಡೆದ ಮೇಲೆ ಕೃತಕ ಕೀಲು ಉಜ್ಜಾಟದಿಂದ 43.1 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದದ್ದನ್ನೂ ಅವರು 2001ರಲ್ಲಿ ವರದಿ ಮಾಡಿದರು. ದೇಹದೊಳಗೆ ಉಷ್ಣತೆ ಸ್ಥಿರವಾಗಿರುತ್ತದೆ ಎಂದು ನಂಬಿ ಸಂವೇದಕ ವಿನ್ಯಾಸ ಮಾಡುವವರು ಇದನ್ನು ನೆನಪಿಡಬೇಕು: ಆರು ಡಿಗ್ರಿ ಏರಿದರೆ ಟೈಟಾನಿಯಮ್ ತಾನಾಗಿಯೇ 50 ಮೈಕ್ರೊಸ್ಟ್ರೈನ್‌ನಷ್ಟು ಹಿಗ್ಗುತ್ತದೆ, ಯಾವ ಭಾರವೂ ಇಲ್ಲದೆ.

ಬರ್ಲಿನ್ನಿನ ಕೀಲುಗಳಲ್ಲಿ ಬ್ಯಾಟರಿ ಇರಲಿಲ್ಲ, ಕಾಲಿನ ಸುತ್ತ ಕಟ್ಟಿದ ಸುರುಳಿಯಿಂದ ಅವು ಶಕ್ತಿ ಪಡೆಯುತ್ತಿದ್ದವು. ಆದರೂ ಅವುಗಳನ್ನು ನಾನು ಪೂರ್ತಿ ನಿಷ್ಕ್ರಿಯವೆಂದು ಕರೆಯುವುದಿಲ್ಲ. ಒಳಗೆ ಚಿಪ್ಪು ಇದೆ, ಅದು ಅಳೆಯುತ್ತದೆ, ಅಳೆದದ್ದನ್ನು ಸಂಕೇತವಾಗಿ ಮಾಡಿ ಕಳಿಸುತ್ತದೆ; ಅಂಥ ಸೂಕ್ಷ್ಮ ವಸ್ತುವನ್ನು ಲೋಹದೊಳಗೆ ಬೆಸುಗೆ ಹಾಕಿ ಮುಚ್ಚುವುದೇ ಒಂದು ದೊಡ್ಡ ಕಸುಬು. ಸಂಶೋಧನೆಗಾಗಿ ಹತ್ತಾರು ಜನರಿಗೆ ಹಾಕಲು ಅದು ಸರಿ, ವರ್ಷಕ್ಕೆ ಲಕ್ಷಗಟ್ಟಲೆ ಬಳಕೆಯಾಗುವ ಸಾಧಾರಣ ಪ್ಲೇಟಿಗೆ ಅದು ಹೊರೆ. ಇಂದಿನ ಮಾತಿನ ಮಟ್ಟಿಗೆ ನಿಷ್ಕ್ರಿಯ ಸಂವೇದಕ ಎಂದರೆ ಒಳಗೆ ಶಕ್ತಿಮೂಲವೂ ಇಲ್ಲ, ಅರೆವಾಹಕದ ಚಿಪ್ಪೂ ಇಲ್ಲ. ಹೊರಗಿನಿಂದ ಕೆಣಕಿದಾಗ ಮಾತ್ರ ತನ್ನ ಭೌತಿಕ ಸ್ಥಿತಿಯನ್ನು ಹೇಳುವ ಒಂದು ವಸ್ತು.

ಇಂಥ ವಸ್ತುವಿನ ಅತ್ಯಂತ ಪ್ರಸಿದ್ಧ ಪೂರ್ವಜ ವೈದ್ಯಕೀಯದ್ದಲ್ಲ, ಬೇಹುಗಾರಿಕೆಯದು. 1945ರಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಸೋವಿಯತ್ ಮಕ್ಕಳು ಕೆತ್ತನೆಯ ಮರದ ಲಾಂಛನವೊಂದನ್ನು ಉಡುಗೊರೆಯಾಗಿ ಕೊಟ್ಟರು. ಲಿಯೋನ್ ತೆರೆಮಿನ್ ರೂಪಿಸಿದ ಒಂದು ಲೋಹದ ಪುಟ್ಟ ಡಬ್ಬಿ ಅದರೊಳಗಿತ್ತು. ಬ್ಯಾಟರಿಯಿಲ್ಲ, ತಂತಿ ಸಂಪರ್ಕವಿಲ್ಲ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ, ಕೋಣೆಯ ಮಾತಿಗೆ ಕಂಪಿಸುವ ತೆಳುಪೊರೆಯು ಮರಳಿ ಹೋಗುವ ಅಲೆಯನ್ನು ಬದಲಿಸುತ್ತಿತ್ತು. 1952ರವರೆಗೆ ಅದು ಸಿಕ್ಕಿಬೀಳಲಿಲ್ಲ. ಕೆಣಕದಿದ್ದಾಗ ಅದು ಬರೀ ಲೋಹದ ತುಂಡಾಗಿದ್ದುದರಿಂದ ಪತ್ತೆಯಾಗಲಿಲ್ಲ; ಅದೇ ಗುಣ ಮೂಳೆಯ ಮೇಲಿರುವ ಸಂವೇದಕಕ್ಕೂ ಬೇಕಾದದ್ದು. ವೈದ್ಯಕೀಯದಲ್ಲಿ ಈ ದಾರಿ ತೆರೆದವರು ಕಾರ್ಟರ್ ಕಾಲಿನ್ಸ್. ಕಣ್ಣಿನೊಳಗಿನ ಒತ್ತಡ ಅಳೆಯುವ ಪುಟ್ಟ ಅನುರಣನ ಸಾಧನವನ್ನು ಅವರು 1967ರಲ್ಲಿ ಪ್ರಕಟಿಸಿದರು. ಶ್ವಾಸಕೋಶದ ಅಪಧಮನಿಯಲ್ಲಿ ಇರಿಸುವ ಕಾರ್ಡಿಯೊಮೆಮ್ಸ್ ಎಂಬ ಇದೇ ತತ್ತ್ವದ ಒತ್ತಡ ಸಂವೇದಕಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಕಾಲಿನ್ಸ್ ಅವರಿಂದ ಅಲ್ಲಿಗೆ 47 ವರ್ಷ. ತತ್ತ್ವ ಸರಳವಾಗಿದ್ದ ಮಾತ್ರಕ್ಕೆ ಕೆಲಸ ಸರಳವಾಗಿರಲಿಲ್ಲ ಎಂಬುದಕ್ಕೆ ಈ ಅಂತರವೇ ಸಾಕ್ಷಿ.

ಈಗ ತತ್ತ್ವವನ್ನು ಹತ್ತಿರದಿಂದ ನೋಡೋಣ. ಒಂದು ಚಪ್ಪಟೆ ಸುರುಳಿ, ಅದಕ್ಕೆ ಜೋಡಿಸಿದ ಒಂದು ಕೆಪಾಸಿಟರ್; ಇಷ್ಟೇ ಸಂವೇದಕ. ಇವೆರಡರ ಜೋಡಿಗೆ ಒಂದು ಅನುರಣನ ಆವೃತ್ತಿ ಇರುತ್ತದೆ, ಉಯ್ಯಾಲೆಗೆ ತನ್ನದೇ ತೂಗುವ ಲಯ ಇರುವಂತೆ. ಸುರುಳಿಯ ಪ್ರೇರಕತೆ ಒಂದು ಮೈಕ್ರೊಹೆನ್ರಿ, ಕೆಪಾಸಿಟರಿನ ಧಾರಕತೆ 100 ಪಿಕೊಫ್ಯಾರಡ್ ಇದ್ದರೆ ಆ ಆವೃತ್ತಿ ಸುಮಾರು 15.9 ಮೆಗಾಹರ್ಟ್ಸ್. ಸ್ಟ್ರೈನ್ ಬಿದ್ದಾಗ ಕೆಪಾಸಿಟರಿನ ತಗಡುಗಳ ನಡುವಿನ ಅಂತರ ಬದಲಾಗುತ್ತದೆ, ಧಾರಕತೆ ಬದಲಾಗುತ್ತದೆ, ಅದರೊಂದಿಗೆ ಆವೃತ್ತಿಯೂ ಜಾರುತ್ತದೆ. ದೇಹದ ಹೊರಗೆ ಹಿಡಿದ ಇನ್ನೊಂದು ಸುರುಳಿಗೆ ಬೇರೆಬೇರೆ ಆವೃತ್ತಿಗಳ ವಿದ್ಯುತ್ತನ್ನು ಒಂದೊಂದಾಗಿ ಹರಿಸುತ್ತಾ ಹೋದರೆ, ಒಳಗಿನ ಜೋಡಿಯ ಲಯಕ್ಕೆ ತಾಳೆಯಾದ ಜಾಗದಲ್ಲಿ ಓದುಯಂತ್ರದ ಗೆರೆ ಸಣ್ಣದೊಂದು ಗುಂಡಿ ಬಿದ್ದಂತೆ ಕುಸಿಯುತ್ತದೆ. ಆ ಗುಂಡಿ ಎಲ್ಲಿದೆ ಎಂಬುದೇ ಅಳತೆ.

ಕೇಳಲು ಸೊಗಸಾಗಿದೆ. ಆದರೆ ಲೆಕ್ಕ ಹಾಕಿ. ಧಾರಕತೆ ಶೇಕಡ ಒಂದರಷ್ಟು ಬದಲಾದರೆ ಆವೃತ್ತಿ ಅದರ ಅರ್ಧದಷ್ಟು, ಅಂದರೆ ಸುಮಾರು 80 ಕಿಲೊಹರ್ಟ್ಸ್ ಜಾರುತ್ತದೆ. ಅದನ್ನು ಓದುವುದು ಸುಲಭ. ಆದರೆ 1000 ಮೈಕ್ರೊಸ್ಟ್ರೈನ್ ಎಂದರೆ ಶೇಕಡ 0.1 ಮಾತ್ರ, ಸ್ಟ್ರೈನನ್ನು ಹಾಗೆಯೇ ಕೆಪಾಸಿಟರಿಗೆ ದಾಟಿಸಿದರೆ ಜಾರುವಿಕೆ 8 ಕಿಲೊಹರ್ಟ್ಸ್‌ಗೆ ಇಳಿಯುತ್ತದೆ. ನಾವು ವಾರದಿಂದ ವಾರಕ್ಕೆ ನೋಡಬೇಕಾದದ್ದು ಇದರಲ್ಲೂ ಹತ್ತನೆಯ ಒಂದು ಪಾಲಿನ ವ್ಯತ್ಯಾಸವನ್ನು. ಗುಂಡಿಯ ಅಗಲ ನೂರಾರು ಕಿಲೊಹರ್ಟ್ಸ್ ಇರುವಾಗ ಅದರ ನಡುಬಿಂದು ಒಂದು ಕಿಲೊಹರ್ಟ್ಸ್ ಸರಿದದ್ದನ್ನು ಹೇಳುವುದೆಂದರೆ, ಅಗಲವಾದ ಬೋಗುಣಿಯ ತಳ ಎಲ್ಲಿದೆ ಎಂದು ಕೂದಲೆಳೆಯಷ್ಟು ನಿಖರವಾಗಿ ತೋರಿಸಿದಂತೆ. ಓದುವ ಸುರುಳಿ ದೂರ ಸರಿದಷ್ಟೂ ಈ ಗುಂಡಿ ಮಸುಕಾಗುತ್ತದೆ, ಅದೂ ಸಾಧಾರಣ ವೇಗದಲ್ಲಲ್ಲ. ಸುರುಳಿಯ ಗಾತ್ರವನ್ನು ಮೀರಿದ ದೂರದಲ್ಲಿ ಕಾಂತಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಹೋಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ. ದೂರ ಎರಡು ಪಟ್ಟಾದರೆ ಸಂಕೇತ 64 ಪಟ್ಟು ಕ್ಷೀಣ. ಟಿಬಿಯಾದ ಮುಂಭಾಗ ಚರ್ಮಕ್ಕೆ ಅಂಟಿಕೊಂಡಂತೆಯೇ ಇರುವುದರಿಂದ ಅಲ್ಲಿ ಓದಬಹುದು, ತುಂಬಿದ ತೊಡೆಯೊಳಗಿನ ಮೂಳೆಯ ಮಾತೇ ಬೇರೆ.

ಅದರ ಮೇಲೆ ಲೋಹದ ತಕರಾರು. ಈ ಸುರುಳಿಯನ್ನು ಮೇಜಿನ ಮೇಲಿಟ್ಟು ಓದಿದಾಗ ಪರದೆಯ ಮೇಲೆ ಗುಂಡಿ ಎಷ್ಟು ಆಳವಾಗಿ ಕಾಣುತ್ತಿದೆ ನೋಡಿ. ಈಗ ಅದನ್ನು ಈ ಪ್ಲೇಟಿಗೆ ತಾಗಿಸುತ್ತೇನೆ. ಗುಂಡಿ ಬಲಕ್ಕೆ ಜಿಗಿದು, ಬಹುಪಾಲು ಮಾಯವಾಯಿತು. ಸುರುಳಿಯ ಕಾಂತಕ್ಷೇತ್ರ ಪ್ಲೇಟಿನಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ ಶಕ್ತಿಯನ್ನು ಅಲ್ಲೇ ನುಂಗಿಸಿತು. ನಡುವೆ ಫೆರೈಟ್ ಎಂಬ ಕಾಂತೀಯ ಸೆರಾಮಿಕ್ಕಿನ ತೆಳುವಾದ ಹಾಳೆ ಇಟ್ಟರೆ ಗುಂಡಿ ಸ್ವಲ್ಪಮಟ್ಟಿಗೆ ಮರಳಿ ಬರುತ್ತದೆ, ಆದರೆ ಒಂದೆರಡು ಮಿಲಿಮೀಟರ್ ದಪ್ಪ ಹೆಚ್ಚುತ್ತದೆ, ದೇಹದೊಳಗೆ ಇಡಬೇಕಾದ ವಸ್ತುಗಳ ಪಟ್ಟಿಗೆ ಇನ್ನೊಂದು ಸೇರುತ್ತದೆ. ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದ ಹಿಲ್ಮಿ ವೋಲ್ಕಾನ್ ಡೆಮಿರ್ ಅವರ ತಂಡ ಮೂಳೆಯ ಪ್ಲೇಟುಗಳಿಗೆಂದೇ ಸೀಳುಂಗುರದ ಆಕಾರದ ಮೆಟಾಮೆಟೀರಿಯಲ್ (ರಚನೆಯಿಂದಲೇ ವಿಶೇಷ ಗುಣ ಪಡೆಯುವ ಕೃತಕ ವಸ್ತು) ಸಂವೇದಕಗಳನ್ನು 2009ರ ಸುಮಾರಿಗೆ ಪ್ರಕಟಿಸಿತು. ಸಾಂಪ್ರದಾಯಿಕ ಸುರುಳಿಗಿಂತ ತೀಕ್ಷ್ಣವಾದ ಗುಂಡಿಯನ್ನು ಪಡೆಯುವುದು ಅವರ ಗುರಿಗಳಲ್ಲಿ ಒಂದು.

ನೀರಿನ ಕಾಟವನ್ನು ನಾನೇ ಅನುಭವಿಸಿದ್ದೇನೆ. ಒಮ್ಮೆ ಇಂಥದ್ದೇ ಸಂವೇದಕವನ್ನು ಅಂಟಿನಲ್ಲಿ ಮುಚ್ಚಿ, ದೇಹದ ಉಷ್ಣತೆಯ ಉಪ್ಪುನೀರಿನಲ್ಲಿ ಮುಳುಗಿಸಿ, ಯಾವ ಭಾರವನ್ನೂ ಹೇರದೆ ಬಿಟ್ಟಿದ್ದೆ. ಮರುದಿನದಿಂದ ಆವೃತ್ತಿ ಇಳಿಯತೊಡಗಿತು. ಮೂರನೆಯ ವಾರದ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಮೂಡಿದ ಗೆರೆ, ಮೂಳೆ ಕೂಡುವಾಗ ಮೂಡಬೇಕಾದ ಗೆರೆಯ ಹಾಗೆಯೇ ಕಾಣುತ್ತಿತ್ತು. ಮೂಳೆಯೇ ಇಲ್ಲದ ಬಟ್ಟಲಿನಲ್ಲಿ! ಅಂಟು ನೀರು ಕುಡಿದು ಅದರ ಡೈಎಲೆಕ್ಟ್ರಿಕ್ ಗುಣ, ಅಂದರೆ ಧಾರಕತೆಯನ್ನು ನಿರ್ಧರಿಸುವ ಗುಣ, ಬದಲಾಗಿದ್ದೇ ಕಾರಣ. ಬಟ್ಟಲಿನಲ್ಲಾದ್ದರಿಂದ ನಗುವಿನಲ್ಲಿ ಮುಗಿಯಿತು, ಮನುಷ್ಯರ ಕಾಲಿನಲ್ಲಾಗಿದ್ದರೆ ಕೂಡದ ಮೂಳೆಯ ಮೇಲೆ ನಡೆಯಲು ಹೇಳಿದಂತಾಗುತ್ತಿತ್ತು. ಅಂದಿನಿಂದ ಸ್ಟ್ರೈನ್ ತಾಗದ ಇನ್ನೊಂದು ಜೋಡಿ ಸಂವೇದಕವನ್ನು ಪಕ್ಕದಲ್ಲೇ ಇಟ್ಟು, ಎರಡರ ವ್ಯತ್ಯಾಸವನ್ನು ಮಾತ್ರ ನಂಬುವುದು ನನ್ನ ಅಭ್ಯಾಸ.

ಈ ಕಾಂತ-ವಿದ್ಯುತ್ತಿನ ಗೋಜೇ ಬೇಡವೆಂದು ಬೇರೆ ದಾರಿ ಹಿಡಿದವರಿದ್ದಾರೆ, ಮತ್ತು ನನಗೆ ಅತಿ ಮೆಚ್ಚುಗೆಯಾದದ್ದು ಅವರಲ್ಲಿ ಒಂದು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಫ್ಲೋರಿಯಾನ್ ಉಂಬ್ರೆಕ್ಟ್, ಕ್ರಿಸ್ಟೋಫರ್ ಹೀರೋಲ್ಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸಂವೇದಕದಲ್ಲಿ ಇರುವುದು ದ್ರವ ತುಂಬಿದ ಒಂದು ಕೋಶ ಮತ್ತು ಅದಕ್ಕೆ ಸೇರಿದ ಕೂದಲಿನಂಥ ಕಾಲುವೆ, ಅಷ್ಟೆ. ಜ್ವರ ನೋಡುವ ಪಾದರಸದ ಥರ್ಮಾಮೀಟರನ್ನು ನೆನಪಿಸಿಕೊಳ್ಳಿ: ಬುಡದ ಗುಂಡಿನಲ್ಲಾಗುವ ಕಾಣದಷ್ಟು ಸಣ್ಣ ಹಿಗ್ಗುವಿಕೆ ಸಪೂರ ನಳಿಕೆಯಲ್ಲಿ ಬೆರಳಿನಗಲದ ಏರಿಕೆಯಾಗಿ ಕಾಣುತ್ತದೆ. ಇಲ್ಲಿ ಬಿಸಿಯ ಬದಲು ಸ್ಟ್ರೈನ್. ನನ್ನದೇ ಅಳತೆಗಳಿಂದ ಒಂದು ಲೆಕ್ಕ ಹೇಳುತ್ತೇನೆ: ಕೋಶ 10 ಮಿಲಿಮೀಟರ್ ಉದ್ದ, 2 ಅಗಲ, 1 ಎತ್ತರ ಇದ್ದರೆ ಅದರ ಗಾತ್ರ 20 ಘನ ಮಿಲಿಮೀಟರ್. 1000 ಮೈಕ್ರೊಸ್ಟ್ರೈನ್‌ಗೆ ಅದರ ಉದ್ದ ಬರೀ ಮಿಲಿಮೀಟರಿನ ನೂರನೆಯ ಒಂದು ಪಾಲು ಕುಗ್ಗುತ್ತದೆ, ಸುಮಾರು 0.02 ಘನ ಮಿಲಿಮೀಟರ್ ದ್ರವ ಹೊರತಳ್ಳಲ್ಪಡುತ್ತದೆ. ಕಾಲುವೆಯ ಬಾಯಿ ಉದ್ದಗಲ 0.1 ಮಿಲಿಮೀಟರ್ ಇದ್ದರೆ ದ್ರವದ ತುದಿ 2 ಮಿಲಿಮೀಟರ್ ಮುಂದೆ ಸರಿಯುತ್ತದೆ. ಇನ್ನೂರು ಪಟ್ಟು ಹಿಗ್ಗಿಸಿದಂತಾಯಿತು, ಒಂದು ತಂತಿಯೂ ಇಲ್ಲದೆ. ಆ ತುದಿ ಎಲ್ಲಿದೆ ಎಂಬುದನ್ನು ಅಲ್ಟ್ರಾಸೌಂಡಿನಿಂದ ಓದಬಹುದು. ದ್ರವವಿರುವ ಜಾಗ ಮತ್ತು ಗಾಳಿಯಿರುವ ಜಾಗಗಳ ಪ್ರತಿಧ್ವನಿ ಬೇರೆಬೇರೆ. ಪಾಲಿಮರಿನಿಂದ ಮಾಡುವುದರಿಂದ ಲೋಹದ ಸುಳಿವಿದ್ಯುತ್ತಿನ ತಲೆನೋವಿಲ್ಲ. ಆದರೆ ದ್ರವ ಆವಿಯಾಗಿ ಸೋರದಂತೆ, ಗಾಳಿಗುಳ್ಳೆ ಸೇರದಂತೆ ವರ್ಷಗಟ್ಟಲೆ ಕಾಯುವುದು ಹೇಗೆಂಬುದು ಅದರ ಕಷ್ಟ.

ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಆಂಕರ್ ಅವರ ತಂಡ ಇನ್ನೂ ಸರಳವಾಗಿ ಯೋಚಿಸಿದೆ: ಪ್ಲೇಟು ಬಾಗಿದಂತೆ ಸರಿಯುವ ಮುಳ್ಳನ್ನೋ ದ್ರವದ ಮಟ್ಟವನ್ನೋ ಎಕ್ಸ್-ರೇಯಲ್ಲೇ ಕಾಣುವಂತೆ ಮಾಡುವುದು. ಆಸ್ಪತ್ರೆ ಹೇಗೂ ತೆಗೆಯುವ ಚಿತ್ರವೇ ಓದುಯಂತ್ರವಾಗುತ್ತದೆ. ಭಾರ ಹಾಕದೆ ಒಂದು, ಭಾರ ಹಾಕಿ ಒಂದು, ಎರಡು ಚಿತ್ರ ಸಾಕು. ಹೊಸ ಯಂತ್ರ ಕೊಳ್ಳಬೇಕಿಲ್ಲ, ಯಾರಿಗೂ ಹೊಸ ತರಬೇತಿ ಬೇಕಿಲ್ಲ. ಎಂಜಿನಿಯರುಗಳ ಕಣ್ಣಿಗೆ ಇದು ಹಳೆಯ ಕಾಲದ್ದೆಂದು ಕಾಣಬಹುದು, ನನಗೆ ಇದೇ ಜಾಣತನವೆನಿಸುತ್ತದೆ. ಗೋರಾನ್ ಸೆಲ್ವಿಕ್ 1974ರಲ್ಲಿ ಲುಂಡ್‌ನಲ್ಲಿ ರೂಪಿಸಿದ ವಿಧಾನದಲ್ಲೂ ಮೂಳೆಯೊಳಗೆ ಟ್ಯಾಂಟಲಮ್ ಲೋಹದ ಸಾಸಿವೆಯಂಥ ಗುಂಡುಗಳನ್ನು ಬಿತ್ತಿ, ಎರಡು ಕೋನಗಳ ಎಕ್ಸ್-ರೇಯಿಂದ ಕೀಲು ಕದಲಿದ್ದನ್ನು ಅಳೆಯುತ್ತಾರೆ. ಅದು ಸ್ಟ್ರೈನ್ ಅಳತೆಯಲ್ಲ, ಆದರೆ ಒಳಗೆ ಇಟ್ಟದ್ದು ಕೆಡಲು ಸಾಧ್ಯವೇ ಇಲ್ಲದ ವಸ್ತು. ಅಂಗಡಿಗಳಲ್ಲಿ ಕಳ್ಳತನ ತಡೆಯಲು ಹಚ್ಚುವ ಪಟ್ಟಿಗಳಲ್ಲಿರುವ ಕಾಂತ-ಸ್ಥಿತಿಸ್ಥಾಪಕ (ಒತ್ತಡ ಬಿದ್ದಾಗ ಕಾಂತಗುಣ ಬದಲಾಗುವ) ಲೋಹದ ಹಾಳೆಗಳನ್ನೂ ಇಂಪ್ಲಾಂಟ್‌ಗಳಿಗೆ ಹೊಂದಿಸುವ ಪ್ರಯೋಗಗಳು ನಡೆದಿವೆ.

ಪ್ಲೇಟಿನ ಬದಲು ಮೂಳೆಗೇ ಸಂವೇದಕ ಅಂಟಿಸಬೇಕೆಂದರೆ ಕತೆ ಬೇರೆ. ಮೂಳೆಯ ಹೊರಪೊರೆಯನ್ನು ಕೆರೆದು, ಒಣಗಿಸಿ, ಸಯನೊಅಕ್ರಿಲೇಟ್ ಅಂಟಿನಿಂದ ಹಚ್ಚಿದ ಗೇಜು ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ, ಏಕೆಂದರೆ ಮೂಳೆ ಗೋಡೆಯಲ್ಲ, ಅದರ ಮೇಲ್ಮೈ ಸದಾ ಕರಗುತ್ತಾ ಕಟ್ಟುತ್ತಾ ಇರುತ್ತದೆ. ಅರಿಜೋನಾ ವಿಶ್ವವಿದ್ಯಾಲಯದ ಜಾನ್ ಸಿವೆಕ್ ಗೇಜುಗಳಿಗೆ ಕ್ಯಾಲ್ಸಿಯಮ್ ಫಾಸ್ಫೇಟ್ ಸೆರಾಮಿಕ್ ಲೇಪಿಸಿ, ಮೂಳೆಯೇ ಬೆಳೆದು ಅದನ್ನು ಹಿಡಿದುಕೊಳ್ಳುವಂತೆ ಮಾಡಿದರು. ಅಂಟಿಸುವ ಕೆಲಸವನ್ನು ಮೂಳೆಗೇ ಒಪ್ಪಿಸಿದ್ದು ಸೊಗಸು, ಆದರೆ ಹಿಡಿತ ಬಿಗಿಯಾಗುವ ವಾರಗಳಲ್ಲಿ ಅಳತೆಯ ಅರ್ಥವೂ ಬದಲಾಗುತ್ತಿರುತ್ತದೆ.

ಇಷ್ಟೆಲ್ಲ ಗೆದ್ದು ಒಂದು ಸ್ಟ್ರೈನ್ ಸಂಖ್ಯೆ ಕೈಗೆ ಬಂತು ಎಂದುಕೊಳ್ಳಿ. 900 ಮೈಕ್ರೊಸ್ಟ್ರೈನ್. ಇದರಿಂದ ವೈದ್ಯರಿಗೆ ಏನು ತಿಳಿಯಿತು? ಏನೂ ಇಲ್ಲ. ಆ ಕ್ಷಣ ಕಾಲಿನ ಮೇಲೆ ಎಷ್ಟು ಭಾರ ಇತ್ತೆಂಬುದು ಗೊತ್ತಿಲ್ಲದಿದ್ದರೆ, ಪ್ಲೇಟು ಕಡಿಮೆ ಬಾಗಿದ್ದು ಮೂಳೆ ಕೂಡಿದ್ದರಿಂದಲೋ, ರೋಗಿ ನೋವಿಗೆ ಹೆದರಿ ಕಾಲನ್ನು ಹಗುರಾಗಿ ಊರಿದ್ದರಿಂದಲೋ ಹೇಳಲಾಗದು. ಬೇಕಾದದ್ದು ಸ್ಟ್ರೈನ್ ಅಲ್ಲ, ಭಾರಕ್ಕೆ ಸ್ಟ್ರೈನ್‌ನ ಅನುಪಾತ. ಹಾಗಾಗಿ ಅಳತೆಯ ಕೋಣೆಯಲ್ಲಿ ಒಂದು ತೂಕದ ಯಂತ್ರ ಇರಬೇಕು. ರೋಗಿ ಅದೇ ಭಂಗಿಯಲ್ಲಿ ನಿಂತು 5, 10, 15, 20 ಕೆಜಿಯಷ್ಟು ಭಾರವನ್ನು ಕ್ರಮವಾಗಿ ಊರಬೇಕು. ಪ್ರತಿ ಮೆಟ್ಟಿಲಲ್ಲೂ ಸಂವೇದಕವನ್ನು ಓದಿ, ಬಂದ ಗೆರೆಯ ಓರೆಯನ್ನು ಕಳೆದ ವಾರದ ಓರೆಯೊಡನೆ ಹೋಲಿಸಬೇಕು. ಆಗಲೂ ಒಂದು ಎಡರು ಉಳಿಯುತ್ತದೆ: ಸ್ನಾಯುಗಳು ಬಿಗಿದರೆ ತೂಕದ ಯಂತ್ರಕ್ಕೆ ಗೊತ್ತಾಗದಂತೆ ಮೂಳೆಯ ಮೇಲೆ ಬಲ ಬೀಳುತ್ತದೆ. ಆದ್ದರಿಂದ ಒಬ್ಬ ರೋಗಿಯ ಅಂಕಿಯನ್ನು ಇನ್ನೊಬ್ಬರ ಅಂಕಿಯ ಪಕ್ಕದಲ್ಲಿಟ್ಟು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ಅವರನ್ನು ಅವರ ಜೊತೆಗೇ ಹೋಲಿಸಬೇಕು. ಹೊರಗಿನಿಂದ ಕಂಬಿ ಕಟ್ಟಿದ ಟಿಬಿಯಾ ಮುರಿತಗಳಲ್ಲಿ ಬಾಗುವಿಕೆಯ ಬಿಗಿತ ಒಂದು ಡಿಗ್ರಿಗೆ 15 ನ್ಯೂಟನ್-ಮೀಟರ್ ಮುಟ್ಟಿದರೆ ಕಂಬಿ ತೆಗೆಯಬಹುದೆಂದು ರಿಚರ್ಡ್ಸನ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ಅಷ್ಟು ಸ್ಪಷ್ಟವಾದ ಒಂದು ಗಡಿ ಒಳಗಿನ ಪ್ಲೇಟುಗಳಿಗೆ ಸಿಗಬೇಕಾದರೆ ನೂರಾರು ರೋಗಿಗಳ ಇಂಥ ಓರೆಗೆರೆಗಳು ಮೊದಲು ಕೂಡಿಬರಬೇಕು.

ನಿಷ್ಕ್ರಿಯ ಸಂವೇದಕ ಯಾರೂ ಕೆಣಕದಿದ್ದಾಗ ಏನನ್ನೂ ದಾಖಲಿಸುವುದಿಲ್ಲ. ರಾತ್ರಿ ಮನೆಯಲ್ಲಿ ಎಡವಿದ ಆ ಒಂದು ಪೆಟ್ಟು ಅದಕ್ಕೆ ತಿಳಿಯದು. ಎಡವಿದ್ದನ್ನು ಹಿಡಿಯಬೇಕೆಂದರೆ ಬ್ಯಾಟರಿ, ಚಿಪ್ಪು, ನೆನಪಿನ ಕೋಶ ಎಲ್ಲವೂ ಬೇಕು; 2021ರಲ್ಲಿ ಎಫ್‌ಡಿಎ ಅನುಮತಿ ಪಡೆದ ಮೊಣಕಾಲಿನ ಕೃತಕ ಕೀಲೊಂದು ಆ ಜಾತಿಯದು, ಅದು ಹೆಜ್ಜೆ ಮತ್ತು ನಡಿಗೆಯ ವಿವರಗಳನ್ನು ದಾಖಲಿಸುತ್ತದೆ, ಸ್ಟ್ರೈನನ್ನಲ್ಲ. ಮೂಳೆ ಕೂಡುವುದು ವಾರಗಳ ಲಯದಲ್ಲಿ ನಡೆಯುವ ಕೆಲಸವಾದ್ದರಿಂದ, ವಾರಕ್ಕೊಮ್ಮೆ ಓದುವ ಸಂವೇದಕ ಅದಕ್ಕೆ ಧಾರಾಳವಾಗಿ ಸಾಕು ಎಂಬುದು ನನ್ನ ಎಣಿಕೆ.

ಸುರುಳಿಯ ವಿನ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಎಂಆರ್‌ಐ ಯಂತ್ರಗಳು 1.5 ಟೆಸ್ಲಾದಲ್ಲಿ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ ಸುಮಾರು 128 ಮೆಗಾಹರ್ಟ್ಸ್ ಅಲೆಗಳನ್ನು ದೇಹದೊಳಕ್ಕೆ ಹಾಯಿಸುತ್ತವೆ. ನಿಮ್ಮ ಸಂವೇದಕದ ಲಯ ಅಲ್ಲೇ ಬಿದ್ದರೆ, ಅದು ಆ ಶಕ್ತಿಯನ್ನು ಹೀರಿ ಕಾದು ಸುತ್ತಲಿನ ಅಂಗಾಂಶವನ್ನು ಸುಡಬಹುದು. ಮೇಜಿನ ಮೇಲೆ ಚೆಂದ ಓದಿಸಿಕೊಳ್ಳುವ ಆವೃತ್ತಿಯೇ ಆಸ್ಪತ್ರೆಯಲ್ಲಿ ಅಪಾಯದ ಆವೃತ್ತಿಯಾಗಿರಬಹುದು. ಆಯ್ಕೆ ಮಾಡುವ ಮೊದಲೇ ನೋಡಿಕೊಳ್ಳಿ.

ಕೊನೆಯದಾಗಿ, ಕೆಲಸ ಮುಗಿದ ಮೇಲೆ ಈ ವಸ್ತು ಎಲ್ಲಿರುತ್ತದೆ ಎಂಬ ಪ್ರಶ್ನೆ. ಮುರಿತದ ಸಂವೇದಕಕ್ಕೆ ಆರು ತಿಂಗಳ ಕೆಲಸ, ದೇಹಕ್ಕೆ ಅದು ದಶಕಗಳ ಅತಿಥಿ. ಅದಕ್ಕಾಗಿಯೇ ಮೆಗ್ನೀಷಿಯಮ್, ಸತು ಮತ್ತು ದೇಹದಲ್ಲಿ ಕರಗುವ ಪಾಲಿಮರುಗಳಿಂದ ಅನುರಣನ ಸಂವೇದಕಗಳನ್ನು ಮಾಡುವ ಪ್ರಯತ್ನಗಳು ಪ್ರಯೋಗಶಾಲೆಗಳಲ್ಲಿ ನಡೆದಿವೆ. ಅವು ಕರಗತೊಡಗಿದೊಡನೆ ಸುರುಳಿ ಸವೆಯುತ್ತದೆ, ಗುಂಡಿ ಮಸುಕಾಗುತ್ತದೆ, ಆವೃತ್ತಿಯೂ ಜಾರುತ್ತದೆ. ನನ್ನ ಉಪ್ಪುನೀರಿನ ಬಟ್ಟಲಿನಲ್ಲಿ ಕಂಡ ಮೋಸದ ಗೆರೆ ಅಲ್ಲಿ ವಸ್ತುವಿನ ಸ್ವಭಾವದಲ್ಲೇ ಇದೆ. ಪಕ್ಕದಲ್ಲಿಟ್ಟ ಎರಡನೆಯ ಸಂವೇದಕವೂ ಅದೇ ವೇಗದಲ್ಲಿ ಕರಗುವಂತೆ ಮಾಡಲು ಸಾಧ್ಯವೇ ಎಂಬುದರ ಮೇಲೆ ನಾವೀಗ ಕೆಲಸ ಮಾಡುತ್ತಿದ್ದೇವೆ. ಆ ಎರಡು ಜೋಡಿಗಳು ಇರುವ ಬಟ್ಟಲು ಹೊರಗಿನ ಮೇಜಿನ ಮೇಲಿದೆ, ಓದುವ ಸುರುಳಿಯೂ ಪಕ್ಕದಲ್ಲೇ ಇದೆ. ಪ್ರಶ್ನೆಗಳಿದ್ದರೆ ಅಲ್ಲೇ ನಿಂತು ಮಾತಾಡೋಣ.